ಪೀಟರ್ ಸೇಲಂನ ಸಮಾಧಿಯ ಕಲ್ಲು

ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ ಫ್ರೇಮಿಂಗ್‌ಹ್ಯಾಮ್ ಅಂತ ಒಂದು ಊರು. ಅಲ್ಲಿನ ಹಳೇ ಸ್ಮಶಾನದಲ್ಲಿ ಪೀಟರ್ ಸೇಲಂ ಎಂಬ ಕರಿಯ ಸೈನಿಕನ ಸಮಾಧಿಯಿದೆ. ಅವನು ಸತ್ತದ್ದು 1816ರಲ್ಲಿ. ಊರವರು ಸಮಾಧಿಗೆ ಕಲ್ಲು ನಿಲ್ಲಿಸಿದ್ದು 1882ರಲ್ಲಿ. ಒಂದು ಕಲ್ಲಿಗೆ 66 ವರ್ಷ! ಈ 66 ವರ್ಷದ ಲೆಕ್ಕವನ್ನು ನಾವು ಕೇಳಬೇಕಾಗಿದೆ.

ಪೀಟರ್ ಗುಲಾಮ. ಜೆರೆಮಯಾ ಬೆಲ್ಕ್‌ನ್ಯಾಪ್ ಎಂಬ ಒಡೆಯ ಅವನನ್ನು ಲಾಸನ್ ಬಕ್‌ಮಿನ್‌ಸ್ಟರ್ ಎಂಬಾತನಿಗೆ ಮಾರಿದ, ದನ ಮಾರಿದ ಹಾಗೆ. 1775ರಲ್ಲಿ ವಸಾಹತುಗಳು ಇಂಗ್ಲೆಂಡಿನ ವಿರುದ್ಧ ಬಂಡೆದ್ದವು. ಏಪ್ರಿಲ್ 19ರಂದು ಕಾಂಕರ್ಡಿನಲ್ಲಿ ಹೋರಾಡಿದವರಲ್ಲಿ ಪೀಟರನೂ ಇದ್ದ. ಮರು ತಿಂಗಳೇ ಮ್ಯಾಸಚೂಸೆಟ್ಸ್‌ನ ರಕ್ಷಣಾ ಸಮಿತಿ ನಿರ್ಣಯ ಮಾಡಿತು: ಸೈನ್ಯಕ್ಕೆ ಸ್ವತಂತ್ರರು ಮಾತ್ರ ಬರಬೇಕು, ಗುಲಾಮರನ್ನು ಸೇರಿಸಿಕೊಂಡರೆ ತಮ್ಮ ತತ್ವಕ್ಕೆ ಕುಂದು, ವಸಾಹತಿಗೆ ಅವಮಾನ. ಅಂದರೆ ಗುಲಾಮಗಿರಿ ಅವಮಾನವಲ್ಲ, ಗುಲಾಮನ ಕೈಯ ಬಂದೂಕು ಅವಮಾನ!

ಸೈನ್ಯ ಸೇರಲೆಂದು ಪೀಟರನಿಗೆ ಬಿಡುಗಡೆ ಸಿಕ್ಕಿತು. ಜೂನ್ 17ರಂದು ಬಂಕರ್ ಹಿಲ್ ಕಾಳಗದಲ್ಲಿ ನಿಂತ. ಬ್ರಿಟಿಷ್ ಮೇಜರ್ ಪಿಟ್‌ಕೇರ್ನ್‌ನನ್ನು ಕೆಡವಿದ್ದು ಇವನ ಗುಂಡೇ ಅಂತ ಜನ ಹೇಳಿಕೊಂಡು ಬಂದರು. ಬೇರೆಯವರ ಹೆಸರು ಹೇಳುವವರೂ ಉಂಟು. ಆಮೇಲೆ ಸಾರಟೋಗ, ಸ್ಟೋನಿ ಪಾಯಿಂಟ್.

ಅದೇ ವರ್ಷದ ನವೆಂಬರಿನಲ್ಲಿ, ಸ್ವತಃ ಗುಲಾಮರ ಒಡೆಯನಾಗಿದ್ದ ಜಾರ್ಜ್ ವಾಷಿಂಗ್ಟನ್ ಕರಿಯರನ್ನು ಸೈನ್ಯಕ್ಕೆ ತೆಗೆದುಕೊಳ್ಳಬಾರದೆಂದು ಆಜ್ಞೆ ಮಾಡಿದ. ಅತ್ತ ವರ್ಜೀನಿಯಾದ ಬ್ರಿಟಿಷ್ ಗವರ್ನರ್ ಡನ್‌ಮೋರ್, ಬಂಡುಕೋರರ ಗುಲಾಮರು ನಮ್ಮ ಕಡೆ ಬಂದು ಹೋರಾಡಿದರೆ ಬಿಡುಗಡೆ ಅಂತ ಸಾರಿದ. ವರ್ಷ ಮುಗಿಯುವುದರೊಳಗೆ ವಾಷಿಂಗ್ಟನ್ ಸ್ವತಂತ್ರ ಕರಿಯರಿಗೆ ಬಾಗಿಲು ತೆರೆದ. ಮನಸ್ಸು ಕರಗಿ ಅಲ್ಲ, ಆಳು ಬೇಕಾಗಿ. ಯುದ್ಧ ಮುಗಿಯುವ ಹೊತ್ತಿಗೆ ಆ ಸೈನ್ಯದಲ್ಲಿ ದುಡಿದ ಕರಿಯರು ಸುಮಾರು 5,000.

ಗೆದ್ದ ದೇಶ ಪೀಟರನಿಗೆ ಕೊಟ್ಟದ್ದೇನು? ಲೆಸ್ಟರ್ ಎಂಬ ಊರಿನ ಬಳಿ ಗುಡಿಸಲು ಹಾಕಿಕೊಂಡು, ಬೆತ್ತ ಹೆಣೆದು ಹೊಟ್ಟೆ ಹೊರೆದ. ಕಡೆಗೆ ಫ್ರೇಮಿಂಗ್‌ಹ್ಯಾಮಿನಲ್ಲಿ ಗತಿಯಿಲ್ಲದವರನ್ನಿಡುವ ಮನೆಯಲ್ಲಿ ಕಣ್ಣು ಮುಚ್ಚಿದ. ಬಡ ಮಾಜಿ ಸೈನಿಕರಿಗೆ ಪಿಂಚಣಿ ಕೊಡುವ ಕಾನೂನು ಬಂದದ್ದು 1818ರಲ್ಲಿ, ಅವನು ಸತ್ತು ಎರಡು ವರ್ಷಕ್ಕೆ. ಬದುಕಿದ್ದಾಗ ಅನ್ನ ಕೊಡದ ಊರು ಸತ್ತ ಮೇಲೆ ಕಲ್ಲು ಕೊಟ್ಟಿತು.

ಹಾಗಾದರೆ ಕಲ್ಲು ಬೇಡವೇ? ಬೇಕು. ಯಾಕಂದರೆ ಗುರುತಿಲ್ಲದ ಕಡೆ ಯಾರೂ ಇರಲೇ ಇಲ್ಲ ಅಂತ ಬರೆಯುವುದು ಸುಲಭ. ಒಡೆಯರ ಹೆಸರನ್ನು ಆಸ್ತಿಪತ್ರಗಳು ಕಾಪಾಡುತ್ತವೆ. ದುಡಿದವನ ಹೆಸರನ್ನು ದುಡಿಯುವವರೇ ಕಾಪಾಡಬೇಕು. ಆದರೆ ಕಲ್ಲು ನೆಟ್ಟು ಕೈತೊಳೆದುಕೊಳ್ಳುವವರನ್ನು ನಂಬಬಾರದು.

ಈ ಕತೆ ನಮಗೆ ದೂರದ್ದಲ್ಲ. ಜೋತಿಬಾ ಫುಲೆ 1873ರಲ್ಲಿ ತಮ್ಮ 'ಗುಲಾಮಗಿರಿ'ಯನ್ನು ಅರ್ಪಿಸಿದ್ದು ಕರಿಯರ ದಾಸ್ಯ ನೀಗಲು ಹೋರಾಡಿದ ಅಮೆರಿಕದ ಜನರಿಗೆ. 1972ರಲ್ಲಿ ಮುಂಬಯಿಯ ದಲಿತ ಪ್ಯಾಂಥರ್ಸ್ ತಮ್ಮ ಹೆಸರನ್ನು ತಂದದ್ದು ಅಮೆರಿಕದ ಕರಿಯರ ಹೋರಾಟದಿಂದ. ಹಳ್ಳಿಯ ಮೇಷ್ಟ್ರುಗಳೇ, ವಿದ್ಯಾರ್ಥಿ ಗೆಳೆಯರೇ, ನಮ್ಮ ಕೇರಿಗಳ ಮುದುಕ ಮುದುಕಿಯರ ಬಾಯಲ್ಲಿ ಎಷ್ಟು ಹೆಸರುಗಳಿವೆ? ಅವನ್ನು ಇವತ್ತೇ ಬರೆದಿಡೋಣ. ಬದುಕಿರುವವರ ಕೂಲಿ, ಭೂಮಿ, ಪಿಂಚಣಿಯನ್ನೂ ಇವತ್ತೇ ಕೇಳೋಣ. 66 ವರ್ಷ ಕಾಯುವುದು ನಮ್ಮಿಂದಾಗದು.