ತೂಕ ಇಳಿಕೆಯ ಮರುಶಸ್ತ್ರಚಿಕಿತ್ಸೆ

ತೂಕ ಇಳಿಕೆಯ ಮರುಶಸ್ತ್ರಚಿಕಿತ್ಸೆಯು ಸ್ಥೂಲಕಾಯಕ್ಕಾಗಿ ಹಿಂದೆ ನಡೆದ ಬೇರಿಯಾಟ್ರಿಕ್ ಶಸ್ತ್ರಚಿಕಿತ್ಸೆಯನ್ನು ಸರಿಪಡಿಸಲು ಅಥವಾ ಬೇರೆ ವಿಧಾನಕ್ಕೆ ಪರಿವರ್ತಿಸಲು ಮಾಡುವ ಚಿಕಿತ್ಸೆಯಾಗಿದೆ. ಇಳಿದ ತೂಕ ಮತ್ತೆ ಏರುವುದು, ತೀವ್ರ ಎದೆಯುರಿ, ಜಠರಕ್ಕೆ ತೊಡಿಸಿದ ಪಟ್ಟಿ ಜಾರುವುದು ಹಾಗೂ ಪೋಷಕಾಂಶಗಳ ಕೊರತೆ ಇದರ ಮುಖ್ಯ ಕಾರಣಗಳು.

ಸ್ಥೂಲಕಾಯವು ದೀರ್ಘಕಾಲಿಕ ಕಾಯಿಲೆಯಾದ್ದರಿಂದ ತೂಕ ಮರಳುವುದನ್ನು ಕೇವಲ ರೋಗಿಯ ಸಂಯಮದ ಕೊರತೆಯೆಂದು ಪರಿಗಣಿಸಲಾಗುವುದಿಲ್ಲ. ಎಂಡೋಸ್ಕೋಪಿ, ಬೇರಿಯಂ ಎಕ್ಸ್‌-ರೇ ಹಾಗೂ ಆಹಾರಕ್ರಮದ ಪರಿಶೀಲನೆಯಿಂದ ಕಾರಣವನ್ನು ಗುರುತಿಸಿದ ನಂತರವೇ ವಿಧಾನವನ್ನು ನಿರ್ಧರಿಸಲಾಗುತ್ತದೆ.

ಸ್ಲೀವ್ ಗ್ಯಾಸ್ಟ್ರೆಕ್ಟಮಿಯಲ್ಲಿ ಜಠರದ ಸುಮಾರು ಶೇ. 75–80 ಭಾಗವನ್ನು ತೆಗೆದುಹಾಕುವುದರಿಂದ ಅದನ್ನು ಮೊದಲಿನ ಸ್ಥಿತಿಗೆ ತರಲು ಸಾಧ್ಯವಿಲ್ಲ. ಆ ಬಳಿಕ ಎದೆಯುರಿ ಹತೋಟಿಗೆ ಬಾರದಿದ್ದರೆ ಸಾಮಾನ್ಯವಾಗಿ ಗ್ಯಾಸ್ಟ್ರಿಕ್ ಬೈಪಾಸ್‌ಗೆ ಪರಿವರ್ತಿಸಲಾಗುತ್ತದೆ. ಹಳೆಯ ಗಾಯದಿಂದ ಅಂಗಾಂಶಗಳು ಒಂದಕ್ಕೊಂದು ಅಂಟಿಕೊಂಡಿರುವ ಕಾರಣ ಹೊಲಿಗೆಯ ಸೋರಿಕೆಯಂತಹ ಅಪಾಯಗಳು ಮೊದಲ ಶಸ್ತ್ರಚಿಕಿತ್ಸೆಗಿಂತ ಹೆಚ್ಚು. ಬೈಪಾಸ್ ನಂತರ ಬಿ12 ಜೀವಸತ್ವ, ಕಬ್ಬಿಣ ಹಾಗೂ ಕ್ಯಾಲ್ಸಿಯಂ ಪೂರಕಗಳನ್ನು ಜೀವನಪರ್ಯಂತ ಸೇವಿಸಬೇಕಾಗುತ್ತದೆ.