1934ರ ಗೆರೆ: ಕರ್ನಾಟಕ ಪಿಕ್ಚರ್ಸ್ ಕಾರ್ಪೊರೇಷನ್ ಕುರಿತು ಒಂದು ಮರುಪರಿಶೀಲನೆ

ಕನ್ನಡ ಚಿತ್ರರಂಗದ ಚರಿತ್ರೆಯನ್ನು 1934ರ ಮಾರ್ಚ್ 3ರಂದು ತೆರೆಕಂಡ ‘ಸತಿ ಸುಲೋಚನಾ’ದಿಂದ ಆರಂಭಿಸುವುದು ರೂಢಿ. ಮೊದಲ ಕನ್ನಡ ವಾಕ್ಚಿತ್ರ ಅದೇ ಎಂಬುದರಲ್ಲಿ ತಕರಾರಿಲ್ಲ. ಅದಕ್ಕೂ ಮುನ್ನ ಹರಿಭಾಯ್ ದೇಸಾಯಿಯವರ ಸೂರ್ಯ ಫಿಲ್ಮ್ ಕಂಪನಿ ಹಾಗೂ ರಂಗಕರ್ಮಿ ಗುಬ್ಬಿ ವೀರಣ್ಣನವರ ಕರ್ನಾಟಕ ಪಿಕ್ಚರ್ಸ್ ಕಾರ್ಪೊರೇಷನ್ ಬೆಂಗಳೂರಿನಲ್ಲಿ ಮೂಕಿಚಿತ್ರ ತಯಾರಿಸಿದ್ದೂ ತಿಳಿದ ಸಂಗತಿಯೇ. ಆದರೆ ಈ ಕಂಪನಿಗಳನ್ನು ಬರೀ ಪೀಠಿಕೆಯೆಂದು ಬದಿಗಿರಿಸುವುದನ್ನು ನಾನು ಒಪ್ಪಲಾರೆ.

‘ಸತಿ ಸುಲೋಚನಾ’ ತಯಾರಾದದ್ದೆಲ್ಲಿ? ನಿರ್ಮಾಪಕ ಚಮನ್‌ಲಾಲ್ ಡುಂಗಾಜಿಯವರ ಸೌತ್ ಇಂಡಿಯಾ ಮೂವಿಟೋನ್ ಬೆಂಗಳೂರಿನದು. ಚಿತ್ರೀಕರಣ ಕೊಲ್ಹಾಪುರದ ಛತ್ರಪತಿ ಸ್ಟುಡಿಯೊದಲ್ಲಿ. ಅದೇ ವರ್ಷದ ‘ಭಕ್ತ ಧ್ರುವ’ ಮುಂಬಯಿಯಲ್ಲಿ. ಕಾರಣ ಯಂತ್ರದಲ್ಲಿದೆ. ಮೂಕಿಗೆ ಕೈಯಲ್ಲಿ ತಿರುಗಿಸುವ ಕ್ಯಾಮೆರಾ, ಒಳ್ಳೆಯ ಬಿಸಿಲು, ರೀಲು ತೊಳೆಯಲು ಕತ್ತಲೆಕೋಣೆ ಇದ್ದರೆ ಕೆಲಸ ನಡೆಯುತ್ತಿತ್ತು. ಮಾತು ಬಂದೊಡನೆ ಒಂದೇ ವೇಗದಲ್ಲಿ ಓಡುವ ಮೋಟಾರು, ಕ್ಯಾಮೆರಾದ ಸದ್ದಡಗಿಸುವ ಹೊದಿಕೆ, ಧ್ವನಿಮುದ್ರಣದ ಸಲಕರಣೆ, ಹೊರಗಿನ ಗದ್ದಲ ಒಳನುಗ್ಗದ ಸ್ಟುಡಿಯೊ ಎಲ್ಲವೂ ಬೇಕಾದವು. ಇಷ್ಟು ಬಂಡವಾಳ ಬೆಂಗಳೂರಿನಲ್ಲಿ ಹೂಡಿಕೆಯಾಗಿರಲಿಲ್ಲ.

ಕೈಪಳಗಿದವರು ಮಾತ್ರ ಇಲ್ಲಿನ ಮೂಕಿಯಲ್ಲಿ ದುಡಿದವರೇ. ವೀರಣ್ಣನವರಿಗಾಗಿ ‘ಹರಿಮಾಯಾ’ ಮೂಕಿಯನ್ನು ನಿರ್ದೇಶಿಸಿದ ವೈ.ವಿ. ರಾವ್ ಅವರೇ ‘ಸತಿ ಸುಲೋಚನಾ’ದ ನಿರ್ದೇಶಕರು. ಆದ್ದರಿಂದ, ವಾಕ್ಚಿತ್ರ ಕನ್ನಡಕ್ಕೆ ತೆರೆಯ ಮೇಲೆ ಮಾತು ಕೊಟ್ಟರೂ ಚಿತ್ರ ತಯಾರಿಕೆಯನ್ನು ಕೆಲಕಾಲ ನಾಡಿನಾಚೆ ಒಯ್ದಿತು ಎಂಬುದು ನನ್ನ ವಾದ. ಇದನ್ನು ಹಿಗ್ಗಿಸಿ ಓದಬಾರದು. ಮೂಕಿಗೆ ಭಾಷೆಯ ಗುರುತು ಹಚ್ಚುವುದು ಕಷ್ಟ. ವೀರಣ್ಣನವರ ‘ಹಿಸ್ ಲವ್ ಅಫೇರ್’ ನಿರ್ದೇಶಿಸಿದ್ದು ಬೆಲ್ಜಿಯಂನ ರಾಫೆಲ್ ಆಲ್ಗೊಯೆಟ್. ಹಾಗಾಗಿ ನಾನು ಹೇಳುತ್ತಿರುವುದು ಭಾಷಾಭಿಮಾನದ ಮಾತಲ್ಲ, ಉದ್ಯಮ ಬೇರೂರಿದ ಜಾಗದ ಮಾತು. 1954ರಲ್ಲೂ ‘ಬೇಡರ ಕಣ್ಣಪ್ಪ’ಕ್ಕೆ ವೀರಣ್ಣನವರ ಗುಬ್ಬಿ ಸಂಸ್ಥೆ ಮದರಾಸಿನ ಎ.ವಿ.ಎಂ. ಜೊತೆಗೂಡಬೇಕಾಯಿತು.

ತಯಾರಿಕೆಯಷ್ಟೇ ಪ್ರದರ್ಶನದ ಲೆಕ್ಕವೂ ಮುಖ್ಯ. ಬೆಂಗಳೂರಿನಿಂದ ಮೀರಜ್ ಕಡೆಗಿನ ರೈಲುದಾರಿಯಲ್ಲಿದ್ದ ದಾವಣಗೆರೆ, ಹರಿಹರಗಳನ್ನು ಈ ಚರ್ಚೆಯಿಂದ ಹೊರಗಿಡಲಾಗದು. ಚಿಂದೋಡಿ ವೀರಪ್ಪನವರ ಕೆ.ಬಿ.ಆರ್. ಡ್ರಾಮಾ ಕಂಪನಿಯ ನೆಲೆ ದಾವಣಗೆರೆಯೇ ಆಗಿದ್ದರಿಂದ ಪ್ರದರ್ಶನ ನೋಡುವ ರೂಢಿ ಅಲ್ಲಿನ ಜನರಿಗಿತ್ತು. ಈ ಭಾಗದ ಕೊಂಡಜ್ಜಿಯಿಂದ ಹರಿಹರದವರೆಗೆ ಯಾರ ಮನೆಯ ಅಟ್ಟದಲ್ಲಾದರೂ ಆ ಕಾಲದ ಟೆಂಟ್ ಸಿನಿಮಾದ ಹ್ಯಾಂಡ್‌ಬಿಲ್, ಪರವಾನಗಿ ಪತ್ರ, ಜಮಾಖರ್ಚಿನ ಪುಸ್ತಕಗಳಿದ್ದರೆ ದಯವಿಟ್ಟು ರದ್ದಿಗೆ ಹಾಕಬೇಡಿ; ಸಂಶೋಧಕರಿಗೆ ತೋರಿಸಿ.