ಶ್ರುತಪಂಚಮಿ: ಮಕ್ಕಳಿಗೊಂದು ಕಿವಿಮಾತಿನ ಆಟ

ಜ್ಯೇಷ್ಠ ಶುದ್ಧ ಪಂಚಮಿಯನ್ನು ದಿಗಂಬರ ಜೈನರು ಶ್ರುತಪಂಚಮಿಯಾಗಿ ಆಚರಿಸುತ್ತಾರೆ. ಶ್ರುತ ಎಂದರೆ ಕೇಳಿದ್ದು. ಜಿನವಾಣಿ ಬಹುಕಾಲ ಗುರುವಿನ ಬಾಯಿಂದ ಶಿಷ್ಯನ ಕಿವಿಗೆ ಹರಿದು ಬಂದಿತ್ತು. ಅದು ಕ್ಷೀಣಿಸುತ್ತಿರುವುದನ್ನು ಕಂಡ ಧರಸೇನಾಚಾರ್ಯರು ಗಿರನಾರಿನ ಚಂದ್ರಗುಹೆಯಲ್ಲಿ ಪುಷ್ಪದಂತ, ಭೂತಬಲಿ ಮುನಿಗಳಿಗೆ ತಮ್ಮ ಅರಿವನ್ನು ಧಾರೆಯೆರೆದರು. ಅವರಿಬ್ಬರು ರಚಿಸಿದ ಷಟ್ಖಂಡಾಗಮವು ಪೂರ್ಣಗೊಂಡು ಪೂಜೆಗೊಂಡ ದಿನವಿದು ಎಂಬುದು ಪರಂಪರೆ. ಅದರ ಧವಳಾ ಟೀಕೆಯ ತಾಳೆಗರಿ ಪ್ರತಿಗಳನ್ನು ಶತಮಾನಗಳ ಕಾಲ ಕಾಪಾಡಿದ್ದು ನಮ್ಮ ಮೂಡುಬಿದಿರೆ.

ಈ ಕಥೆಯನ್ನು ಚಿಕ್ಕ ಮಕ್ಕಳಿಗೆ ಆಟದಲ್ಲಿಯೇ ತಿಳಿಸಬಹುದು. ಪೂಜೆಯ ಬಳಿಕ 5ರಿಂದ 10 ವರ್ಷದ ಮಕ್ಕಳನ್ನು ಸಾಲಾಗಿ ಕೂರಿಸಿ. ಮೊದಲ ಮಗುವಿನ ಕಿವಿಯಲ್ಲಿ ಮೆಲ್ಲಗೆ ಹೇಳಿ: “ಹಸಿರು ಹುಲ್ಲಿನಲ್ಲಿ ಹತ್ತು ಇರುವೆಗಳಿವೆ, ನೋಡಿ ನಡೆ.” ಕಿವಿಯಿಂದ ಕಿವಿಗೆ ಸಾಗಿದ ಮಾತನ್ನು ಕೊನೆಯ ಮಗು ಗಟ್ಟಿಯಾಗಿ ಹೇಳಲಿ. ಮಾತು ಬದಲಾಗಿದ್ದರೆ ಎಲ್ಲರೂ ನಗಲಿ. ತಪ್ಪು ಯಾರದೆಂದು ಹುಡುಕಬೇಡಿ. ಬಳಿಕ ಅದೇ ವಾಕ್ಯವನ್ನು ಚೀಟಿಯಲ್ಲಿ ಬರೆದು ಕೈಯಿಂದ ಕೈಗೆ ದಾಟಿಸಿ. ಓದು ಬಾರದವರಿಗಾಗಿ ಪಕ್ಕದಲ್ಲಿ ಇರುವೆಗಳ ಚಿತ್ರವಿರಲಿ. “ಯಾವುದು ಹಾಗೇ ಉಳಿಯಿತು?” ಎಂದು ಕೇಳಿ. ಶಾಸ್ತ್ರವನ್ನು ಏಕೆ ಬರೆದಿಟ್ಟರು ಎಂಬುದಕ್ಕೆ ಉತ್ತರ ಮಕ್ಕಳ ಬಾಯಿಂದಲೇ ಬರುತ್ತದೆ.

ಆಟ ಬಸದಿಯಲ್ಲೇ ಮುಗಿಯಬೇಕಿಲ್ಲ. ಅಜ್ಜಿಗೆ ಬಾಯಿಪಾಠವಿರುವ ಎಷ್ಟೋ ಸ್ತುತಿ, ಆರತಿ ಹಾಡುಗಳು ಇನ್ನೂ ಯಾವ ಪುಸ್ತಕಕ್ಕೂ ಸೇರಿರಲಾರವು. ಅವರು ಹೇಳುತ್ತಿರಲಿ, ಮೊಮ್ಮಕ್ಕಳು ನೋಟುಪುಸ್ತಕದಲ್ಲಿ ಬರೆದುಕೊಳ್ಳಲಿ. ವರ್ಷಕ್ಕೊಂದು ಹಾಡಾದರೂ ಸಾಕು. ಮುಂದಿನ ಶ್ರುತಪಂಚಮಿಗೆ ಆ ಪುಸ್ತಕವನ್ನೂ ಶಾಸ್ತ್ರಗಳ ಪಕ್ಕದಲ್ಲಿಡಿ.